ಮಹಾಮಾರಿಯ ಕಾಲದ ಸಾಮಾಜಿಕ–ಆರ್ಥಿಕ ವ್ಯವಸ್ಥೆಗಳ ತುಲನೆ: ಮುಂಬಯಿಯ ಅನುಭವ

ಒಂದೇ ವ್ಯಾಧಿಯು ಅನೇಕ ದೇಶಗಳನ್ನು ಏಕಕಾಲದಲ್ಲಿ ಆಕ್ರಮಿಸಿದಾಗ ಆಯಾ ದೇಶದ ಪ್ರಭುತ್ವವು ಪ್ರಜೆಗಳ ಸಂಚಾರವನ್ನೂ ದುಡಿಮೆಯನ್ನೂ ಎಷ್ಟರಮಟ್ಟಿಗೆ ನಿರ್ಬಂಧಿಸಿತು, ಆ ನಿರ್ಬಂಧದಿಂದ ಒದಗಿದ ನಷ್ಟವನ್ನು ಯಾರ ಹೆಗಲಿಗೆ ಹೊರಿಸಿತು, ಅನ್ನ, ಆಶ್ರಯ, ಚಿಕಿತ್ಸೆಗಳನ್ನು ಯಾವ ಸಂಸ್ಥೆಗಳ ಮೂಲಕ ಒದಗಿಸಿತು ಎಂಬ ವಿಷಯಗಳನ್ನು ದೇಶದಿಂದ ದೇಶಕ್ಕೆ ಹೋಲಿಸಿ ಪರಿಶೀಲಿಸುವ ಅಧ್ಯಯನಕ್ಕೆ ಮಹಾಮಾರಿಯ ಕಾಲದ ಸಾಮಾಜಿಕ–ಆರ್ಥಿಕ ವ್ಯವಸ್ಥೆಗಳ ತುಲನೆಯೆಂಬ ಹೆಸರು ಸಲ್ಲುತ್ತದೆ. ಸಮುದ್ರಮಾರ್ಗದಿಂದ ಜಗತ್ತಿಗೆಲ್ಲ ತೆರೆದುಕೊಂಡ ಬಂದರು, ಹೊರನಾಡುಗಳಿಂದ ಬಂದ ಕೂಲಿಕಾರರ ದುಡಿಮೆಯನ್ನೇ ನೆಮ್ಮಿದ ಉದ್ಯಮಗಳು, ಇಕ್ಕಟ್ಟಾದ ಚಾಳುಗಳು, ಉಪನಗರಗಳನ್ನು ಕೋಟೆ ಪ್ರದೇಶಕ್ಕೆ ಬೆಸೆಯುವ ಲೋಕಲ್ ರೈಲು ಇವೆಲ್ಲವೂ ಒಂದೆಡೆ ಕೂಡಿರುವ ಮುಂಬಯಿಯು 1896ರ ಪ್ಲೇಗು, 1918ರ ಇನ್‌ಫ್ಲುಯೆಂಜ, 2020ರ ಕೋವಿಡ್–19 ಎಂಬ ಮೂರು ಮಹಾಮಾರಿಗಳನ್ನು ಕಂಡ ನಗರವಾದ್ದರಿಂದ, ಇಂತಹ ತುಲನೆಗೆ ಉತ್ಕೃಷ್ಟವಾದ ಕ್ಷೇತ್ರವಾಗಿದೆ. ಮನೆಯೊಳಗಿರಿ ಎಂಬ ರಾಜಾಜ್ಞೆಯು ಎಷ್ಟು ಕಠಿನವಾಗಿತ್ತೆಂಬುದಕ್ಕಿಂತ, ಮನೆಯೊಳಗಿರಲು ಬೇಕಾದ ಸಾಧನವನ್ನು ಆ ಆಜ್ಞೆಯೊಡನೆ ಕಳುಹಿಸಿದರೇ ಎಂಬುದೇ ವ್ಯವಸ್ಥೆಯ ಯೋಗ್ಯತೆಯನ್ನು ನಿರ್ಣಯಿಸುವ ಮಾನದಂಡವೆಂಬುದನ್ನು ಈ ನಗರದ ಚರಿತ್ರೆಯು ಮತ್ತೆ ಮತ್ತೆ ಸ್ಥಾಪಿಸಿದೆ.

ಪ್ಲೇಗಿನ ಕಾಲ (1896–98)

1896ನೆಯ ಸೆಪ್ಟೆಂಬರಿನಲ್ಲಿ ಬಂದರಿಗೆ ಸಮೀಪದ ಮಾಂಡವಿಯಲ್ಲಿ ಡಾ. ಅಕಾಸಿಯೊ ಗೇಬ್ರಿಯಲ್ ವೀಗಸ್ ಎಂಬ ವೈದ್ಯರು ಗಂಟುಜ್ವರದ ರೋಗಿಗಳನ್ನು ಪರೀಕ್ಷಿಸಿ, ಇದು ಪ್ಲೇಗೆಂದು ನಿರ್ಧರಿಸಿದರು. ಎರಡು ವರ್ಷಗಳ ಹಿಂದೆ ಇದೇ ರೋಗವು ಹಾಂಗ್‌ಕಾಂಗನ್ನು ಪೀಡಿಸಿದಾಗ ಅಲ್ಲಿನ ಬ್ರಿಟಿಷ್ ಆಡಳಿತವು ಸೈನಿಕರನ್ನು ಮನೆಮನೆಗೆ ನುಗ್ಗಿಸಿ, ಚೀನೀಯರು ವಾಸಿಸುತ್ತಿದ್ದ ಟೈಪಿಂಗ್‌ಷಾನ್ ಪ್ರದೇಶವನ್ನು ನೆಲಸಮಮಾಡಿತ್ತು. ಮುಂಬಯಿಯಲ್ಲಿಯೂ ಕ್ರಮವು ಹೆಚ್ಚುಕಡಮೆ ಅದೇ ಆಗಿತ್ತು. 1897ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಅಧಿನಿಯಮವು ಅಧಿಕಾರಿಗಳಿಗೆ ಅಸಾಧಾರಣ ಅಧಿಕಾರವನ್ನಿತ್ತಿತು. ಜನರಲ್ ಗೇಟೇಕರನ ನೇತೃತ್ವದಲ್ಲಿ ಪ್ಲೇಗ್ ಸಮಿತಿಯು ಏರ್ಪಟ್ಟಿತು. ಅದೇ ಕಾಲದಲ್ಲಿ ವೆನಿಸ್ಸಿನಲ್ಲಿ ನೆರೆದಿದ್ದ ಅಂತರರಾಷ್ಟ್ರೀಯ ನೈರ್ಮಲ್ಯ ಪರಿಷತ್ತು ಮುಂಬಯಿಯಿಂದ ಹೊರಡುವ ಹಡಗುಗಳನ್ನು ಶಂಕೆಯಿಂದ ನೋಡುತ್ತಿದ್ದುದರಿಂದ, ವ್ಯಾಪಾರದ ಹಿತವೂ ಈ ಕಾಠಿಣ್ಯಕ್ಕೆ ಕಾರಣವಾಯಿತೆಂಬುದನ್ನು ಮರೆಯಲಾಗದು.

ಈ ನೀತಿಗೆ ಜನರು ಇತ್ತ ಉತ್ತರವು ಪಲಾಯನ. 1891ರ ಜನಗಣತಿಯಂತೆ 8 ಲಕ್ಷಕ್ಕೂ ಮಿಕ್ಕ ಜನರಿದ್ದ ನಗರದಿಂದ ಅರ್ಧದಷ್ಟು ಮಂದಿ 1897ರ ಆರಂಭದ ವೇಳೆಗೆ ಊರು ಸೇರಿದ್ದರೆಂದು ಅಂದಾಜು. ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಒಯ್ದವರು ಜೀವಂತವಾಗಿ ಮರಳುವುದಿಲ್ಲವೆಂಬ ಭೀತಿ ಹಬ್ಬಿ, 1896ರ ಅಕ್ಟೋಬರಿನಲ್ಲಿಯೇ ಗಿರಣಿ ಕಾರ್ಮಿಕರ ಗುಂಪೊಂದು ಆ ಆಸ್ಪತ್ರೆಯ ಮೇಲೆ ಏರಿಹೋಗಿತ್ತು. ಇನ್ನೊಂದೆಡೆ, ಗಿರಣಿಗಳ ಸಂಬಳವನ್ನು ತಿಂಗಳು ಕಳೆದ ಎಷ್ಟೋ ದಿನಗಳ ಮೇಲೆ ಕೊಡುವ ಪದ್ಧತಿಯಿದ್ದ ಆ ಕಾಲದಲ್ಲಿ, ಕೆಲಸಗಾರರ ಅಭಾವದಿಂದ ಕಂಗೆಟ್ಟ ಮಾಲೀಕರು ಬೀದಿಯ ಮೂಲೆಗಳಲ್ಲಿ ನಿಂತು ಕೂಲಿಯನ್ನು ಹರಾಜಿನಂತೆ ಏರಿಸುತ್ತ, ಸಂಜೆಗೆ ಸಂಜೆಯೇ ಹಣವನ್ನು ಎಣಿಸಿಕೊಡಬೇಕಾಯಿತು. ನಗರದ ಐಶ್ವರ್ಯವು ಯಾರ ಕೈಗಳ ಮೇಲೆ ನಿಂತಿದೆಯೆಂಬುದನ್ನು ಆ ಕೆಲವು ತಿಂಗಳುಗಳು ಪ್ರತ್ಯಕ್ಷಮಾಡಿದವು. ರೋಗದ ಉಲ್ಬಣ ತಗ್ಗಿ ಜನರು ಹಿಂದಿರುಗಿದೊಡನೆ ಹಳೆಯ ಪದ್ಧತಿಯೂ ಹಿಂದಿರುಗಿತು.

ವಿಜ್ಞಾನದ ದೃಷ್ಟಿಯಿಂದ ಈ ಕಾಲದ ಮಹತ್ಸಾಧನೆಯೆಂದರೆ, ಗ್ರಾಂಟ್ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ವಾಲ್ಡೆಮಾರ್ ಹಾಫ್ಕಿನ್ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ದೇಹದ ಮೇಲೆಯೇ ಪ್ರಯೋಗಿಸಿಕೊಂಡದ್ದು. ಆಡಳಿತದ ದೃಷ್ಟಿಯಿಂದ, 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನೂ, ದಾದರ್, ಮಾಟುಂಗಾ, ವಡಾಲಾ, ಶೀವ ಪ್ರದೇಶಗಳಲ್ಲಿ ಕ್ರಮಬದ್ಧವಾದ ಬಡಾವಣೆಗಳನ್ನೂ ನಿರ್ಮಿಸಿತು. ದಕ್ಷಿಣದಿಂದ ಹೋದ ಕನ್ನಡಿಗರೂ ತಮಿಳರೂ ನೆಲೆನಿಂತು, ಸಂಘಸಂಸ್ಥೆಗಳನ್ನೂ ಉಡುಪಿ ಹೋಟೆಲುಗಳನ್ನೂ ಬೆಳೆಸಿದ ಮಾಟುಂಗಾ ಹೀಗೆ ಪ್ಲೇಗಿನ ತರುವಾಯ ಹುಟ್ಟಿದ ಯೋಜನೆಯ ಫಲ. ಆದರೆ ಟ್ರಸ್ಟು ಕೆಡವಿದ ಬಡವರ ಖೋಲಿಗಳಿಗಿಂತ ಕಟ್ಟಿದ ಖೋಲಿಗಳ ಸಂಖ್ಯೆ ಕಡಮೆಯಾದ್ದರಿಂದ, ಸ್ಥಾನಭ್ರಷ್ಟರಾದವರು ಪಕ್ಕದ ಕೇರಿಗಳಲ್ಲಿ ಇನ್ನಷ್ಟು ಇಕ್ಕಟ್ಟಿನಲ್ಲಿ ಬದುಕಬೇಕಾಯಿತು.

1918ರ ಇನ್‌ಫ್ಲುಯೆಂಜ

ಪ್ರಥಮ ಮಹಾಯುದ್ಧದ ಅಂತ್ಯಕಾಲದಲ್ಲಿ ಜಗತ್ತನ್ನು ವ್ಯಾಪಿಸಿದ ಈ ಜ್ವರವು 1918ರ ಜೂನಿನಲ್ಲಿ ಮುಂಬಯಿಯ ಹಡಗುಕಟ್ಟೆಯ ಕಾವಲಿನಲ್ಲಿದ್ದ ಪೊಲೀಸ್ ಸಿಪಾಯಿಗಳಲ್ಲಿ ಮೊದಲು ಕಾಣಿಸಿಕೊಂಡು, ಶರತ್ಕಾಲದ ಎರಡನೆಯ ಅಲೆಯಲ್ಲಿ ಅತ್ಯಂತ ಮಾರಕವಾಯಿತು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸುಮಾರು 6,75,000 ಮಂದಿ ಸತ್ತರೆಂದು ಗಣಿಸಿದರೆ, ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಮಿಕ್ಕವರೆಂಬುದು ವಿದ್ವಾಂಸರ ಅಂದಾಜು. ಈ ಅಂತರವನ್ನು ದೇಶದೇಶಗಳ ಅಂತರವೆಂದಷ್ಟೇ ತಿಳಿದರೆ ಅರ್ಧಸತ್ಯವಾದೀತು. ಮುಂಬಯಿ ನಗರವೊಂದರೊಳಗೇ, ಕೆಳಜಾತಿಯವರೆಂದು ವರ್ಗೀಕೃತರಾಗಿದ್ದ ಹಿಂದುಗಳಲ್ಲಿ ಸಾವಿರಕ್ಕೆ 61ಕ್ಕೂ ಮಿಕ್ಕು ಮಂದಿ ಮೃತರಾದರೆ, ಇತರ ಹಿಂದುಗಳಲ್ಲಿ ಸುಮಾರು 19, ಪಾರ್ಸಿಗಳಲ್ಲಿ 9, ಯೂರೋಪಿಯನ್ನರಲ್ಲಿ ಸುಮಾರು 8 ಮಂದಿ ಮಾತ್ರ ಮೃತರಾದರು. ಗಾಳಿ, ನೀರು, ಋತು, ಸರಕಾರ ಎಲ್ಲವೂ ಒಂದೇ ಆಗಿದ್ದ ನಗರದಲ್ಲಿ ಮರಣವು ಏಳೆಂಟು ಪಟ್ಟು ಭಿನ್ನವಾಯಿತೆಂದ ಮೇಲೆ, ದೇಶವನ್ನು ಅಖಂಡ ಘಟಕವೆಂದು ಭಾವಿಸಿ ಮಾಡುವ ಯಾವ ಹೋಲಿಕೆಯೂ ಪೂರ್ಣವಲ್ಲವೆಂಬುದು ಸಿದ್ಧವಾಗುತ್ತದೆ.

ಕೋವಿಡ್–19: ದೇಶದೇಶಗಳ ನೀತಿ

2020ರ ಮಾರ್ಚಿ ತಿಂಗಳ ಒಂದೇ ದಿನ, 25ನೆಯ ತಾರೀಖು, ಭಾರತವೂ ನ್ಯೂಜಿಲೆಂಡೂ ಸಂಪೂರ್ಣ ಲಾಕ್‌ಡೌನ್ ಹೂಡಿದವು. ಆಜ್ಞೆಯ ಕಾಠಿಣ್ಯದಲ್ಲಿ ಇವೆರಡಕ್ಕೂ ಹೆಚ್ಚಿನ ಭೇದವಿರಲಿಲ್ಲ. ಭೇದವಿದ್ದುದು ಆಜ್ಞೆಯೊಡನೆ ಬಂದ ನೆರವಿನಲ್ಲಿ. ಇಡೀ ದೇಶದ ಜನಸಂಖ್ಯೆಯು ಮುಂಬಯಿಯ ಅರ್ಧಕ್ಕಿಂತಲೂ ಕಡಮೆಯಾಗಿರುವ ನ್ಯೂಜಿಲೆಂಡು, ಆದಾಯ ಕುಸಿದ ಉದ್ಯಮಗಳ ಪೂರ್ಣಕಾಲದ ಪ್ರತಿಯೊಬ್ಬ ನೌಕರನಿಗೂ ವಾರಕ್ಕೆ 585.80 ಡಾಲರಿನಂತೆ 12 ವಾರಗಳ ವೇತನ ಸಹಾಯವನ್ನು ಮಾಲೀಕರ ಮೂಲಕ ತಲುಪಿಸಿತು. ಬ್ರಿಟನ್ನು, ಕೆಲಸವಿಲ್ಲದೆ ಮನೆಯಲ್ಲಿದ್ದವರ ಸಂಬಳದಲ್ಲಿ ಶೇಕಡಾ 80ರಷ್ಟನ್ನು, ತಿಂಗಳಿಗೆ 2,500 ಪೌಂಡಿನ ಮಿತಿಗೊಳಪಟ್ಟು, ಬೊಕ್ಕಸದಿಂದ ಭರಿಸಿತು. ಜರ್ಮನಿಯು, ಕೆಲಸದ ಹೊತ್ತನ್ನು ತಗ್ಗಿಸಿ ನಷ್ಟವಾದ ವೇತನದ ಬಹುಭಾಗವನ್ನು ಸರಕಾರವೇ ತುಂಬಿಕೊಡುವ ತನ್ನ ಹಳೆಯ ಪದ್ಧತಿಯನ್ನು ವಿಸ್ತರಿಸಿತು. ಅಮೆರಿಕವು ನೌಕರಿಯನ್ನು ಉಳಿಸುವುದಕ್ಕಿಂತ ಹೆಚ್ಚಾಗಿ ನೌಕರಿ ಕಳೆದುಕೊಂಡವರಿಗೆ ಹಣ ಕೊಡುವ ದಾರಿಯನ್ನು ಹಿಡಿದು, ಜೊತೆಗೆ ಬಹುಪಾಲು ವಯಸ್ಕರಿಗೆ 1,200 ಡಾಲರಿನ ಚೆಕ್ಕುಗಳನ್ನು ಹಂಚಿತು. ದಕ್ಷಿಣ ಕೊರಿಯವು 2015ರ ಮರ್ಸ್ ರೋಗದಿಂದ ಕಲಿತ ಪಾಠದಂತೆ ಪರೀಕ್ಷೆ ಮತ್ತು ಸಂಪರ್ಕಶೋಧನೆಗಳನ್ನೇ ಆಧರಿಸಿತು. ಸ್ವೀಡನ್ನು 16 ವರ್ಷದೊಳಗಿನವರ ಶಾಲೆಗಳನ್ನು ತೆರೆದೇ ಇಟ್ಟು, ಪ್ರಜೆಗಳ ಸ್ವಯಂನಿಯಮನವನ್ನು ನೆಚ್ಚಿತು.

ಭಾರತವು ಮಾರ್ಚಿ 26ರಂದು 1.70 ಲಕ್ಷ ಕೋಟಿ ರೂಪಾಯಿಗಳ ಗರೀಬ್ ಕಲ್ಯಾಣ ಯೋಜನೆಯನ್ನು ಘೋಷಿಸಿ, ಪಡಿತರ ಚೀಟಿಯುಳ್ಳ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನೂ, ಜನಧನ ಖಾತೆಯ ಸ್ತ್ರೀಯರಿಗೆ ಮೂರು ತಿಂಗಳು 500 ರೂಪಾಯಿಗಳನ್ನೂ ಒದಗಿಸಿತು. ಕೋಟ್ಯಂತರ ಮನೆಗಳ ಒಲೆಯನ್ನು ಉರಿಸಿದ ಈ ಧಾನ್ಯದಾನವು ಅಲ್ಪವಾದ ಕಾರ್ಯವಲ್ಲ. ಆದರೆ ರೇಷನ್ ಕಾರ್ಡು ಹುಟ್ಟೂರಿನಲ್ಲಿ, ದುಡಿಯುವವನು ಮುಂಬಯಿಯಲ್ಲಿ ಎಂಬ ಸ್ಥಿತಿಯಿದ್ದವರಿಗೆ ಆ ಧಾನ್ಯವು ಕೈಗೆಟುಕಲಿಲ್ಲ. ಲಿಖಿತ ಒಪ್ಪಂದವಿಲ್ಲದ ನೌಕರಿಯಲ್ಲಿದ್ದವರಿಗೆ ವೇತನದ ಭರವಸೆಯನ್ನು ಮುಟ್ಟಿಸುವ ಯಾವ ಕಾಲುವೆಯೂ ಇರಲಿಲ್ಲ. ಏಪ್ರಿಲ್ 14ರಂದು ಬಾಂದ್ರಾ ನಿಲ್ದಾಣದ ಬಳಿ ಊರಿಗೆ ಹೋಗಬೇಕೆಂದು ಸಾವಿರಾರು ಕೂಲಿಕಾರರು ನೆರೆದದ್ದೂ, ನಾಶಿಕದ ಹೆದ್ದಾರಿಯಲ್ಲಿ ಸಂಸಾರಗಳು ಗಂಟುಮೂಟೆ ಹೊತ್ತು ನಡೆದದ್ದೂ ಈ ಕೊರತೆಯ ಫಲ. ಕೂಲಿಕಾರರನ್ನು ಊರಿಗೆ ಒಯ್ಯುವ ಶ್ರಮಿಕ ರೈಲುಗಳು ಮೇ 1ರಿಂದ ಓಡತೊಡಗಿದವು. ಆ ಕೂಲಿಕಾರರಿಂದ ಪ್ರಯಾಣದರವನ್ನು ಪಡೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸುವ ಹೊತ್ತಿಗೆ ಮೇ 28 ಆಗಿತ್ತು.

ಧಾರಾವಿ ಮತ್ತು ಉಪನಗರಗಳು

ಸುಮಾರು ಎರಡೂವರೆ ಚದರ ಕಿಲೋಮೀಟರಿನಲ್ಲಿ 8 ಲಕ್ಷಕ್ಕೂ ಮಿಕ್ಕ ಜನ ವಾಸಿಸುವ ಧಾರಾವಿಯಲ್ಲಿ 2020ರ ಏಪ್ರಿಲ್ 1ರಂದು ಮೊದಲ ರೋಗಿ ಪತ್ತೆಯಾದಾಗ, ಅಲ್ಲಿ ಪ್ರತ್ಯೇಕ ವಾಸವೆಂಬುದು ಅಸಾಧ್ಯವೆಂಬುದು ಸ್ಪಷ್ಟವಾಗಿತ್ತು. ಹತ್ತಡಿಯ ಖೋಲಿಯಲ್ಲಿ ಆರೆಂಟು ಮಂದಿ ಸರದಿಯಂತೆ ಮಲಗುವವರು. ಬಾಗಿಲು ತೆರೆದರೆ ಎದುರುಮನೆಯ ಹೊಸ್ತಿಲು. ನೀರಿಗೂ ಶೌಚಕ್ಕೂ ಹೊರಗೆ ಹೋಗಿ ಸಾಲಿನಲ್ಲಿ ನಿಲ್ಲದೆ ಗತಿಯಿಲ್ಲ. ಆದ್ದರಿಂದ ಬೃಹನ್ಮುಂಬಯಿ ಮಹಾನಗರಪಾಲಿಕೆಯ ಜಿ–ಉತ್ತರ ವಾರ್ಡಿನವರು ರೋಗಿಯು ಬರುವುದನ್ನು ಕಾಯದೆ ತಾವೇ ಗಲ್ಲಿಗಳಿಗೆ ಇಳಿದರು. ಸ್ಥಳೀಯ ಖಾಸಗಿ ವೈದ್ಯರು ಮನೆಮನೆಯಲ್ಲಿ ಜ್ವರವನ್ನೂ ರಕ್ತದ ಆಮ್ಲಜನಕವನ್ನೂ ಅಳೆದರು. ಶಂಕಿತರನ್ನು ಶಾಲೆಗಳಿಗೂ ಕ್ರೀಡಾಸಂಕೀರ್ಣಕ್ಕೂ ಸಾಗಿಸಿ ಅಲ್ಲಿಯೇ ಊಟೋಪಚಾರ ಏರ್ಪಡಿಸಲಾಯಿತು. ಸಾರ್ವಜನಿಕ ಶೌಚಾಲಯಗಳನ್ನು ದಿನಕ್ಕೆ ಹಲವು ಬಾರಿ ಶುಚಿಗೊಳಿಸಲಾಯಿತು. ಪ್ಲೇಗಿನ ಕಾಲದಲ್ಲಿ ಬೂಟುಗಾಲಿನಿಂದ ಒಳನುಗ್ಗಿದ ಸೋಲ್ಜರನ ಸ್ಥಾನದಲ್ಲಿ ಪರಿಚಿತನಾದ ಗಲ್ಲಿಯ ಡಾಕ್ಟರನು ಬಂದದ್ದೇ ನೂರಿಪ್ಪತ್ತು ವರ್ಷಗಳಲ್ಲಿ ಆದ ನಿಜವಾದ ಪ್ರಗತಿ. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಇಟಲಿ, ಸ್ಪೇನ್, ದಕ್ಷಿಣ ಕೊರಿಯಗಳೊಡನೆ ಧಾರಾವಿಯ ಹೆಸರನ್ನೂ ಎತ್ತಿ ಹೇಳಿದರು. ಡಿಸೆಂಬರ್ 25ರಂದು ಅಲ್ಲಿ ಹೊಸ ರೋಗಿ ಒಬ್ಬನೂ ಪತ್ತೆಯಾಗಲಿಲ್ಲ.

ಈ ಯಶಸ್ಸನ್ನು ಅಳೆಯುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ನಿವಾಸಿಗಳಲ್ಲಿ ಅನೇಕರು ಆ ವೇಳೆಗೆ ಊರಿಗೆ ತೆರಳಿದ್ದರು. ಎರಡನೆಯದಾಗಿ, ಮಾಟುಂಗಾ, ಚೆಂಬೂರು, ದಹಿಸರ್ ಕಡೆಯ ಮೂರು ವಾರ್ಡುಗಳಲ್ಲಿ 2020ರ ಜುಲೈಯಲ್ಲಿ ನಡೆದ ರಕ್ತಪರೀಕ್ಷೆಯು ಕೊಳೆಗೇರಿಗಳ ಶೇಕಡಾ 57 ಮಂದಿಯಲ್ಲಿ, ಉಳಿದೆಡೆಗಳ ಶೇಕಡಾ 16 ಮಂದಿಯಲ್ಲಿ ಸೋಂಕು ಬಂದುಹೋದ ಗುರುತನ್ನು ಕಂಡಿತು. ಆ ವಾರ್ಡುಗಳಲ್ಲಿ ಧಾರಾವಿ ಸೇರಿರಲಿಲ್ಲವಾದರೂ, ಒಂದೇ ರಸ್ತೆಯ ಎರಡು ಬದಿಗಳಲ್ಲಿ ಒಂದೇ ಲಾಕ್‌ಡೌನು ಎರಡು ಬೇರೆ ಬೇರೆ ಫಲಗಳನ್ನು ಕೊಟ್ಟಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

ದಿನಕ್ಕೆ 70 ಲಕ್ಷಕ್ಕೂ ಮಿಕ್ಕ ಜನರನ್ನು ಸಾಗಿಸುತ್ತಿದ್ದ ಲೋಕಲ್ ರೈಲು ನಿಂತದ್ದು ಉಪನಗರಗಳ ಪಾಲಿಗೆ ಮತ್ತೊಂದು ಪೆಟ್ಟು. ಜೂನ್ 15ರಿಂದ ಅವಶ್ಯಕ ಸೇವೆಯವರಿಗೆ ಮಾತ್ರ ಅವಕಾಶ ದೊರೆತು, ಸಾಮಾನ್ಯರಿಗೆ ನಿಯತ ವೇಳೆಗಳಲ್ಲಿ ದೊರೆತದ್ದು 2021ರ ಫೆಬ್ರುವರಿ 1ರಂದು. ಅಂಧೇರಿಯ ಫ್ಲಾಟಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಪೂರ್ಣ ಸಂಬಳ ಪಡೆದವರೂ, ವಿರಾರ್, ನಾಲಾಸೋಪಾರಾ, ಕಲ್ಯಾಣಗಳಿಂದ ಬಸ್ಸುಗಳನ್ನು ಬದಲಿಸುತ್ತ ಗಂಟೆಗಟ್ಟಲೆ ಪ್ರಯಾಣಿಸಿ ಅಂಗಡಿ ಕೆಲಸಕ್ಕೆ ಬಂದವರೂ ಒಂದೇ ನಗರದ ಪ್ರಜೆಗಳು. 24 ವಾರ್ಡುಗಳಲ್ಲಿಯೂ ವಾರ್ ರೂಮುಗಳನ್ನು ತೆರೆದು ಹಾಸಿಗೆಗಳ ಹಂಚಿಕೆಯನ್ನು ವಿಕೇಂದ್ರೀಕರಿಸಿದ ಪಾಲಿಕೆಯ ಕ್ರಮವಾದರೋ ನಿಸ್ಸಂಶಯವಾಗಿ ಶ್ಲಾಘ್ಯ. 2021ರ ಮೇ ತಿಂಗಳಲ್ಲಿ ಆಮ್ಲಜನಕದ ಅಭಾವದಿಂದ ದಿಲ್ಲಿಯು ತತ್ತರಿಸುತ್ತಿದ್ದಾಗ, ಮುಂಬಯಿಯ ನಿರ್ವಹಣೆಯಿಂದ ಕಲಿಯಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ಸೂಚಿಸಿತು.

ಕನ್ನಡಿಗ ಶ್ರಮಜೀವಿಗಳು

ಮುಂಬಯಿಯ ಹೋಟೆಲುಗಳಲ್ಲಿ ಮಾಣಿಗಳಾಗಿ, ಅಡುಗೆಯವರಾಗಿ, ಗಲ್ಲಾದಲ್ಲಿ ಕುಳಿತವರಾಗಿ ದುಡಿಯುವ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳವರಲ್ಲಿ ಎಷ್ಟೋ ಮಂದಿಗೆ ಹೋಟೆಲೇ ಊಟ, ಹೋಟೆಲೇ ವಸತಿ. ರಾತ್ರಿ ಗಿರಾಕಿಗಳು ಹೋದ ಮೇಲೆ ಮೇಜುಗಳನ್ನು ಸರಿಸಿ ಹಾಸಿಗೆ ಬಿಡಿಸುವ ಈ ಪದ್ಧತಿಯು ಸುಭಿಕ್ಷ ಕಾಲದಲ್ಲಿ ಬಾಡಿಗೆಯ ಹಣವನ್ನು ಉಳಿಸಿ ಊರಿನ ಮನೆಗೆ ಕಳುಹಿಸುವ ಉಪಾಯ. ಹೋಟೆಲಿಗೆ ಬೀಗ ಬಿದ್ದ ದಿನ ಸಂಬಳ, ಅನ್ನ, ಸೂರು ಮೂರೂ ಒಟ್ಟಿಗೆ ಹೋದವು. ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಹೋದವರ ಗತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಜಾತಿಸಂಘಗಳೂ ಭಾಷಾಸಂಘಗಳೂ ಅಕ್ಕಿಬೇಳೆ ಹಂಚಿ, ಬಸ್ಸುಗಳನ್ನು ಗೊತ್ತುಮಾಡಿ ತಮ್ಮವರನ್ನು ಊರಿಗೆ ಕಳುಹಿಸಿದವು. ಜರ್ಮನಿಯಲ್ಲಿ ರಾಜ್ಯವು ನಿರ್ವಹಿಸಿದ ಕರ್ತವ್ಯದ ಒಂದು ಅಂಶವನ್ನು ಇಲ್ಲಿ ಊರಿನ ನಂಟು ನಿರ್ವಹಿಸಿತು. ಆದರೆ ಸಂಘದ ಕೃಪೆಯು ಸದಸ್ಯನಿಗೆ ಲಭ್ಯ, ಹಕ್ಕಾದರೋ ಸರ್ವರಿಗೂ ಲಭ್ಯ.

ಊರಿಗೆ ಮರಳಲು ಕರ್ನಾಟಕ ಸರಕಾರದ ಸೇವಾಸಿಂಧು ಪಾಸು ಹಿಡಿದು ನಿಪ್ಪಾಣಿಯ ಬಳಿಯ ಕೊಗನೊಳ್ಳಿಯ ತನಿಖಾ ಠಾಣೆಗೆ ಬಂದವರು ಅಲ್ಲಿ ಕಾಯಬೇಕಾಯಿತು. ಹಿಂದಿರುಗಿದವರಲ್ಲಿ ಸೋಂಕು ಹೆಚ್ಚಾಗಿ ಕಂಡುಬಂದುದರಿಂದ 2020ರ ಮೇ 18ರಂದು ಕರ್ನಾಟಕ ಸರಕಾರವು ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ತಡೆಯಿತು. ಜೂನಿನ ಆರಂಭದಲ್ಲಿ ಉಡುಪಿ ಜಿಲ್ಲೆಯು ರಾಜ್ಯದ ಪಟ್ಟಿಯಲ್ಲಿ ಮುಂಚೂಣಿಗೆ ಬಂದಿತು. ಇದಕ್ಕೆ ಮುನ್ನ ಕೇರಳದ ಕಡೆಯ ತಲಪಾಡಿಯ ಗಡಿಯನ್ನು ಮುಚ್ಚಿದುದರಿಂದ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಸಂಕಟಕ್ಕೊಳಗಾಗಿದ್ದರು. ದೇಶದೇಶಗಳ ನಡುವೆ ಎದ್ದ ಗೋಡೆಗಳು ಹೀಗೆ ಒಂದೇ ದೇಶದ ರಾಜ್ಯಗಳ ನಡುವೆಯೂ ಎದ್ದವು.

ತುಲನೆಯ ಮಿತಿ ಮತ್ತು ಫಲಿತಾಂಶ

ಮರಣಗಳನ್ನು ನೋಂದಾಯಿಸುವ ಕ್ರಮ, ಜನರ ವಯೋಮಾನ, ವಸತಿಯ ಸಾಂದ್ರತೆ ಇವು ಬೇರೆಬೇರೆಯಾಗಿರುವುದರಿಂದ, ಸಾವಿನ ಸಂಖ್ಯೆಯೊಂದನ್ನೇ ಹಿಡಿದು ದೇಶಗಳಿಗೆ ಶ್ರೇಣಿ ಕಟ್ಟುವುದು ಸಾಧುವಲ್ಲ. ಶ್ರೀಮಂತ ರಾಷ್ಟ್ರಗಳ ವೇತನ ಸಹಾಯವನ್ನು ಭಾರತವು ಅದೇ ರೂಪದಲ್ಲಿ ಅನುಕರಿಸಬೇಕಿತ್ತೆಂಬ ವಾದವೂ ನಿಲ್ಲದು. ಬಹುಸಂಖ್ಯಾತರು ಯಾವ ವೇತನಪಟ್ಟಿಯಲ್ಲಿಯೂ ಇಲ್ಲದ ದೇಶದಲ್ಲಿ ಆ ಸಹಾಯವು ಹರಿಯುವ ಮಾರ್ಗವನ್ನು ಮೊದಲು ತೋಡಬೇಕು. ಆ ದಿಸೆಯಲ್ಲಿ ಕೆಲವು ಹೆಜ್ಜೆಗಳನ್ನು ಇಟ್ಟದ್ದುಂಟು: ಎಲ್ಲ ರಾಜ್ಯಗಳೂ 2021ರ ಜುಲೈ 31ರೊಳಗೆ ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯನ್ನು ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು, ಅದೇ ವರ್ಷದ ಆಗಸ್ಟಿನಲ್ಲಿ ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ ಇ–ಶ್ರಮ್ ಆರಂಭವಾಯಿತು. ಈ ನೋಂದಣಿಯು ಬರಿಯ ಪಟ್ಟಿಯಾಗಿ ಉಳಿಯದೆ, ದುಡಿಮೆ ನಿಂತ ದಿನ ಕೂಲಿಯನ್ನೂ ಧಾನ್ಯವನ್ನೂ ದುಡಿಯುವ ಊರಿನಲ್ಲಿಯೇ ದೊರಕಿಸುವ ಹಕ್ಕಾಗಿ ಪರಿಣಮಿಸಬೇಕು. ಪ್ರತಿ ಖೋಲಿಗೂ ನೀರು, ಶೌಚಗಳ ಅನುಕೂಲ ಒದಗಬೇಕು. ಅಲ್ಲಿಯವರೆಗೆ ಮನೆಯೊಳಗಿರಿ ಎಂಬ ಆಜ್ಞೆಯು ಮುಂಬಯಿಯ ಅರ್ಧ ಜನಕ್ಕೆ ರಕ್ಷಣೆಯಾಗಿಯೂ ಉಳಿದರ್ಧಕ್ಕೆ ಶಿಕ್ಷೆಯಾಗಿಯೂ ಪರಿಣಮಿಸುವುದು ತಪ್ಪುವುದಿಲ್ಲ.