ಹಾಳೆಯ ಮುಖವಾಡ, ಗೆರಟೆಯ ಬೊಂಬೆ

ಶಾಲೆಯ ದಾಸ್ತಾನು ಪುಸ್ತಕದಲ್ಲಿ ಭೂಗೋಳಕ್ಕೆ, ಭೂಪಟಕ್ಕೆ, ತಕ್ಕಡಿಗೆ ಒಂದೊಂದು ಸಂಖ್ಯೆ ಇರುತ್ತದೆ. ಕನ್ನಡ ಪಾಠಕ್ಕೆಂದು ನಾನೂ ಮಕ್ಕಳೂ ಮಾಡುತ್ತಿದ್ದ ಅಡಿಕೆ ಹಾಳೆಯ ಮುಖವಾಡ, ಗೆರಟೆಯ ಬೊಂಬೆಗಳು ಅದರಲ್ಲಿಲ್ಲ. ಒಂದು ಮಳೆಗಾಲದ ಬೂಷ್ಟು, ಗೆದ್ದಲು ಸಾಕು, ಅವುಗಳ ಕಥೆ ಮುಗಿಯಿತು. ಅವು ಈ ಸಂಚಿಕೆಯಲ್ಲಾದರೂ ದಾಖಲಾಗಲಿ.

ಕಥೆಯ ಮೂಲಕ ಕಲಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿಯುತ್ತಲೇ ಮಕ್ಕಳಿಗಾಗಿ ಬರೆದವರು. ತುಳು ಪಾಡ್ದನದ ಕೋಟಿ ಚೆನ್ನಯರನ್ನು ಕನ್ನಡ ಗದ್ಯಕ್ಕೆ ತಂದವರೂ ಅವರೇ. 1930ರ ದಶಕದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ಚಿತ್ರಗಳಿಂದ ಕಲಿಸಲು ಹೊರಟರು. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಪ್ರಾಥಮಿಕ ಶಾಲೆಗಳಿಗೆ ಕಲಿಕೋಪಕರಣ ಒದಗಿಸಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಅಧ್ಯಾಪಕರೇ ಕೂತು ಕಾರ್ಡುಗಳನ್ನು ರೂಪಿಸಿದರು. ಇದೆಲ್ಲ ಸಣ್ಣ ಮಕ್ಕಳಿಗಾಯಿತು, ಹೈಸ್ಕೂಲಿನವರಿಗೆ ಬೊಂಬೆ ಯಾಕೆ ಎಂದು ಕೇಳಿದವರಿದ್ದಾರೆ.

ಮನೆಯಲ್ಲಿ ತುಳು, ಬ್ಯಾರಿ ಇಲ್ಲವೇ ಕೊಂಕಣಿ ಆಡುವ ಮಕ್ಕಳು ತರಗತಿಯಲ್ಲಿ ಪುಸ್ತಕದ ಕನ್ನಡಕ್ಕೆ ಹೆದರಿ ಬಾಯಿ ಬಿಡುತ್ತಿರಲಿಲ್ಲ. ಮುಖಕ್ಕೊಂದು ಮುಖವಾಡ ಬಂದರೆ ಅದೇ ಮಕ್ಕಳು ಮಾತಾಡುತ್ತಿದ್ದರು. ತೋಡಾರಿನ ಸುತ್ತ ಹಾಳೆಗೆ ಬರವಿಲ್ಲ. ಒಣಹಾಳೆಯನ್ನು ಹಾಗೇ ಕತ್ತರಿಸಿದರೆ ಸೀಳುತ್ತದೆ. ರಾತ್ರಿ ನೀರಲ್ಲಿ ನೆನೆಸಿ, ಕಣ್ಣು ಬಾಯಿ ಕೊರೆದು, ಸುರುಳಿಯಾಗದಂತೆ ಕಲ್ಲು ಹೇರಿ ಒಣಗಿಸಬೇಕು. ಮೀಸೆಗೆ ಮಸಿ, ಕೆಂಪಿಗೆ ಅರಸಿನ ಮತ್ತು ಸುಣ್ಣ. ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಹಿಂದಿನ ಬೆಂಚಿನವರು.

ಕೋಟಿ ಚೆನ್ನಯರ ಕಥೆಗೆ ತೆಂಗಿನ ಕೊತ್ತಳಿಗೆಯ ಸುರಿಯ ತಯಾರಾಯಿತು. (ಆಟದ ಪೀರಿಯಡಿನಲ್ಲಿ ಅದೇ ಕ್ರಿಕೆಟ್ ಬ್ಯಾಟು.) ದೇಯಿ ಬೈದೆತಿಯಾಗಿದ್ದ ಹುಡುಗಿ ಬಲ್ಲಾಳರ ಕಾಲಿನ ಗಾಯಕ್ಕೆ ಮದ್ದು ಮಾಡುವಲ್ಲಿ ತಟ್ಟನೆ ನಿಂತು, "ಸರ್, ನಮ್ಮ ಅಜ್ಜಿ ಇದನ್ನು ಬೇರೆ ರೀತಿ ಹೇಳ್ತಾರೆ" ಅಂದಳು. ನೇಜಿ ನೆಡುವಾಗ ಅಜ್ಜಿ ಹಾಡುತ್ತಿದ್ದ ಪಾಡ್ದನವನ್ನು ಮುಖವಾಡ ತೆಗೆಯದೆಯೇ ತುಳುವಿನಲ್ಲಿ ಹಾಡಿದಳು, ಆಮೇಲೆ ಕನ್ನಡದಲ್ಲಿ ಅರ್ಥ ಹೇಳಿದಳು. ವರ್ಷವಿಡೀ ಎದ್ದು ನಿಂತು ಒಂದು ವಾಕ್ಯ ಓದದವಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಆ ಪಾಡ್ದನವನ್ನು ಅಂದು ಯಾರೂ ಬರೆದಿಟ್ಟುಕೊಂಡಿಲ್ಲ. ನೇಜಿ ಗದ್ದೆಗಳೂ ಈಗ ಕಡಿಮೆ. ಹಳೆ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ನೆನಪಿದ್ದರೆ ಬರೆದು ಕೊಡಿ. ಅಟ್ಟದಲ್ಲಿ ಮುಖವಾಡ ಉಳಿದಿದ್ದರೆ ಅದನ್ನೂ ತನ್ನಿ. ಬಣ್ಣ ಹೋಗಿದ್ದರೆ ಅಡ್ಡಿಯಿಲ್ಲ.