ರೇಡಿಯೊ ಬದಲು ಇಟ್ಟಿಗೆ: ವಿಪಿಪಿ ಕಾಲದಿಂದ ರಿಟರ್ನ್ ಕಾಲದವರೆಗೆ

ಐವತ್ತು ದಾಟಿದವರಿಗೆ ವಿಪಿಪಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ವಾರಪತ್ರಿಕೆಗಳ ಪುಟದ ಮೂಲೆಯಲ್ಲಿ ಜಾಹೀರಾತು ಬರುತ್ತಿತ್ತು: ಕೈಗಡಿಯಾರ, ಟ್ರಾನ್ಸಿಸ್ಟರ್ ರೇಡಿಯೊ, ಕೂದಲಿಗೆ ಹಚ್ಚುವ ಎಣ್ಣೆ, ಮನೆಯಲ್ಲೇ ಇಂಗ್ಲಿಷ್ ಕಲಿಸುವ ಪುಸ್ತಕ. ಒಂದು ಕಾರ್ಡು ಬರೆದು ಡಬ್ಬಿಗೆ ಹಾಕಿದರೆ ಕೆಲವು ದಿನಕ್ಕೆ ಪೋಸ್ಟ್‌ಮ್ಯಾನ್ ಪಾರ್ಸೆಲ್ ಹೊತ್ತು ಬರುತ್ತಿದ್ದ. ದುಡ್ಡು ಎಣಿಸಿ ಕೊಟ್ಟ ಮೇಲೆಯೇ ಅದು ಕೈಗೆ. ಮೊದಲೇ ಬಿಚ್ಚಿ ನೋಡುತ್ತೇನೆ ಅಂದರೆ ಆಗುತ್ತಿರಲಿಲ್ಲ. ಬಿಚ್ಚಿದಾಗ ರೇಡಿಯೊ ಬದಲು ಇಟ್ಟಿಗೆ ಚೂರು ಇತ್ತು ಎಂಬ ಕಥೆಯನ್ನು ನಾವು ಹೋದ ಊರುಗಳಲ್ಲೆಲ್ಲ ಕೇಳಿದ್ದೇವೆ.

ಈಗ ಅದೇ ಇಟ್ಟಿಗೆ ದಿಕ್ಕು ಬದಲಿಸಿದೆ. ಮನೆಯಲ್ಲೇ ಕೂತು ಫೋನಿನಲ್ಲಿ ಸೀರೆ, ಕುಪ್ಪಸದ ಖಣ, ಆಟಿಕೆ ಮಾರುವವರ ಬಾಗಿಲಿಗೆ ‘ರಿಟರ್ನ್’ ಅಂತ ಬಂದ ಪೊಟ್ಟಣದೊಳಗೆ ಅದು ಸಿಗುತ್ತಿದೆ. ಇಟ್ಟಿಗೆಯೇ ಆಗಬೇಕೆಂದಿಲ್ಲ. ಹಳೆ ಬಟ್ಟೆ ಇರಬಹುದು, ಖಾಲಿ ಡಬ್ಬಿ ಇರಬಹುದು, ಮದುವೆಗೆ ಉಟ್ಟು ಮಡಿಚಿಟ್ಟ ಅದೇ ಸೀರೆಯೂ ಇರಬಹುದು. ಮೋಸ ಕೊಡುವ ಕಡೆಯಿಂದ ತಗೊಳ್ಳುವ ಕಡೆಗೆ ದಾಟಿದ್ದು ಹೇಗೆ ಎಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ದೇಶದ ಅಂಚೆಯಲ್ಲಿ ವ್ಯಾಲ್ಯೂ ಪೇಯಬಲ್ ಪೋಸ್ಟ್ ಶುರುವಾದದ್ದು 1877ರಲ್ಲಿ. ಮಾಲು ಕೊಡು, ದುಡ್ಡು ಇಸಿದುಕೊಂಡು ಬಾ, ಕಳಿಸಿದವನಿಗೆ ತಲುಪಿಸು. ಅಂಚೆ ಇಲಾಖೆ ವಹಿಸಿಕೊಂಡ ಕೆಲಸ ಇಷ್ಟೇ. ಒಂದು ಕಡೆ ಮುಖ ನೋಡದ ಅಂಗಡಿಯವನು, ಇನ್ನೊಂದು ಕಡೆ ಊರು ಬಿಟ್ಟು ಹೋಗದ ಗಿರಾಕಿ. ಇಬ್ಬರೂ ನಂಬುತ್ತಿದ್ದದ್ದು ಖಾಕಿ ಅಂಗಿಯ ಪೋಸ್ಟ್‌ಮ್ಯಾನ್‌ನನ್ನು. 1898ರ ಅಂಚೆ ಕಾಯ್ದೆಯಲ್ಲಿ ಇದಕ್ಕೆಂದೇ ಕಲಮುಗಳಿದ್ದವು. ಅವುಗಳನ್ನು ಓದಿದರೆ ಆಗಿನ ಭಯ ಏನಿತ್ತು ಅಂತ ಗೊತ್ತಾಗುತ್ತದೆ. ಗಿರಾಕಿ ನಿಜವಾಗಿ ಆರ್ಡರ್ ಕೊಟ್ಟಿದ್ದಾನೆ, ಅದರಂತೆಯೇ ಕಳಿಸುತ್ತಿದ್ದೇನೆ ಎಂದು ಕಳಿಸುವವನಿಂದ ಬರೆಸಿಕೊಳ್ಳಲು ಅವಕಾಶ ಇತ್ತು. ಮೋಸ ಕಂಡುಬಂದರೆ ವಸೂಲಾದ ಹಣವನ್ನು ತಡೆಹಿಡಿದು ಗಿರಾಕಿಗೆ ಮರಳಿಸುವ ನಿಯಮ ಮಾಡಲೂ ಅವಕಾಶ ಇತ್ತು. ಅಂದರೆ ಕಾನೂನಿನ ಅನುಮಾನ ಪೂರ್ತಿ ಮಾರುವವನ ಮೇಲೆ.

ಹಾಗಂತ ಮಾರುವವನಿಗೆ ಆಗ ನಷ್ಟವೇ ಇರಲಿಲ್ಲ ಅಂತಲ್ಲ. ಗಿರಾಕಿ ಮನಸ್ಸು ಬದಲಿಸಿದರೆ, ಇಲ್ಲವೇ ಪಾರ್ಸೆಲ್ ಬಂದ ದಿನ ಮನೆಯಲ್ಲಿ ದುಡ್ಡಿಲ್ಲದಿದ್ದರೆ, ‘ನಿರಾಕರಿಸಲಾಗಿದೆ’ ಎಂದು ಬರೆಸಿಕೊಂಡು ಪಾರ್ಸೆಲ್ ತಿರುಗಿ ಹೋಗುತ್ತಿತ್ತು. ಅಂಚೆ ಖರ್ಚು ಕಳಿಸಿದವನ ತಲೆ ಮೇಲೆ. ಇವತ್ತು ಆನ್‌ಲೈನ್ ಮಾರಾಟಗಾರರು ಆರ್‌ಟಿಓ ಅಂತ ಬೈದುಕೊಳ್ಳುವುದು ಇದನ್ನೇ. ಆದರೂ ಒಂದು ಸಮಾಧಾನ ಇತ್ತು. ತಿರುಗಿ ಬಂದ ಪಾರ್ಸೆಲ್ ಬಿಚ್ಚದೇ ಇರುವ ಪಾರ್ಸೆಲ್. ಒಳಗಿನ ಮಾಲು ಅದೇ ಮಾಲು.

ಬಿಚ್ಚಿ, ನೋಡಿ, ಬಳಸಿ, ಬೇಡ ಎಂದು ವಾಪಸ್ ಕಳಿಸುವ ಪದ್ಧತಿ ನಮ್ಮದಲ್ಲ. ಅಂಗಡಿ ಬಿಲ್ಲಿನ ಕೆಳಗೆ ‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಅಚ್ಚು ಹಾಕಿಸಿದ ನಾಡು ನಮ್ಮದು. ವಾಪಸಾತಿಯ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದವರು ಅಮೆರಿಕದ ಕ್ಯಾಟಲಾಗ್ ವ್ಯಾಪಾರಿಗಳು. ತಮಾಷೆ ಏನೆಂದರೆ ಅದು ಹುಟ್ಟಿದ್ದೂ ಹಳ್ಳಿಯವರಿಗಾಗಿ. ಏರನ್ ಮಾಂಟ್ಗೊಮರಿ ವಾರ್ಡ್ ಊರೂರು ತಿರುಗಿ ಮಾಲು ಮಾರುತ್ತಿದ್ದವನು. ಹಳ್ಳಿಯ ಒಂದೇ ಅಂಗಡಿಯವನು ಹೇಳಿದ್ದೇ ರೇಟು, ಕೊಟ್ಟಿದ್ದೇ ಮಾಲು ಎಂಬ ರೈತರ ಸಂಕಟ ಅವನಿಗೆ ಗೊತ್ತಿತ್ತು. 1872ರಲ್ಲಿ ಶಿಕಾಗೊದಿಂದ ಒಂದೇ ಹಾಳೆಯ ಬೆಲೆಪಟ್ಟಿ ಅಚ್ಚು ಮಾಡಿಸಿ ರೈತರ ಸಂಘದವರಿಗೆ ಕಳಿಸಿದ. ಕಾಣದ ವ್ಯಾಪಾರಿಯನ್ನು ಯಾರು ನಂಬುತ್ತಾರೆ? ಅದಕ್ಕೇ 1875ರಲ್ಲಿ ಇನ್ನೊಂದು ಮಾತು ಸೇರಿಸಿದ: ಒಪ್ಪಿಗೆಯಾಗದಿದ್ದರೆ ದುಡ್ಡು ವಾಪಸ್.

ಈ ಮಾತು ಗೆದ್ದಿತು. ಆದರೆ ಯಾಕೆ ಗೆದ್ದಿತು ಎಂದು ನೋಡಬೇಕು. ಸಾವಿರಾರು ಜನಕ್ಕೆ ಮಾರುವ ಕಂಪನಿಗೆ ನಾಲ್ಕು ಜನ ಮೋಸ ಮಾಡಿದರೂ ಆ ನಷ್ಟವನ್ನು ಉಳಿದವರ ಬೆಲೆಯಲ್ಲಿ ಹಂಚಿಬಿಡಬಹುದು. ವಾಪಸಾತಿ ದೊಡ್ಡ ಅಂಗಡಿಯ ಹತ್ತಿರ ಇರುವ ಒಂದು ಹತ್ಯಾರ. ಅದನ್ನೇ ತಿಂಗಳಿಗೆ ಹತ್ತು ಸೀರೆ ಮಾರುವವರ ಕೈಗೆ ಕೊಟ್ಟರೆ ಅದು ಅವರನ್ನೇ ಕುಯ್ಯುತ್ತದೆ. ಒಂದು ಸೀರೆ ಹೋದರೆ ಉಳಿದ ಒಂಬತ್ತರ ಲಾಭ ಹೋದ ಹಾಗೆ.

ಇಂಟರ್‌ನೆಟ್ ಬಂದಾಗ ಮೊದಲು ಆದದ್ದು ಬೇರೆ. 1995ರಲ್ಲಿ ಶುರುವಾದ ಇಬೇ ತಾಣದಲ್ಲಿ ಮಾರುತ್ತಿದ್ದವರು ನಮ್ಮ ನಿಮ್ಮಂಥವರೇ, ಮನೆಯ ಹಳೇ ಸಾಮಾನು ಮಾರುವವರು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಮುಖ ಕಾಣದ ಜಾಗದಲ್ಲಿ ನಂಬಿಕೆ ಹುಟ್ಟಿಸಲು 1996ರಲ್ಲಿ ಅಂಕ ಕೊಡುವ ಪದ್ಧತಿ ತಂದರು. ಕೊಂಡವರು ಮಾರಿದವರಿಗೆ, ಮಾರಿದವರು ಕೊಂಡವರಿಗೆ. ಸಂತೆಯಲ್ಲಿ ‘ಆ ಮನುಷ್ಯ ಉದ್ರಿ ತಗೊಂಡು ಕೊಡೋದಿಲ್ಲ’ ಅಂತ ಬಾಯಿಂದ ಬಾಯಿಗೆ ಹೋಗುತ್ತದಲ್ಲ, ಹಾಗೆ. ಆದರೆ ಕೆಟ್ಟ ಮಾಲು ಬಂತು ಎಂದು ಬರೆದ ಗಿರಾಕಿಗೆ ಮಾರಿದವರು ಸೇಡಿನಿಂದ ಕೆಟ್ಟ ಅಂಕ ಕೊಡಲು ಶುರುಮಾಡಿದರು. 2008ರಲ್ಲಿ ಇಬೇ, ಮಾರುವವರು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವುದನ್ನೇ ನಿಲ್ಲಿಸಿತು. ಕಾರಣ ಸರಿಯಾಗಿಯೇ ಇತ್ತು. ಆದರೆ ಮೋಸಗಾರ ಗಿರಾಕಿಯ ಬಗ್ಗೆ ಇನ್ನೊಬ್ಬ ಮಾರಾಟಗಾರನನ್ನು ಎಚ್ಚರಿಸುವ ದಾರಿಯೂ ಅದರೊಂದಿಗೆ ಮುಚ್ಚಿತು. ನಮ್ಮ ಪ್ರಕಾರ ತಕ್ಕಡಿ ಒಂದೇ ಕಡೆಗೆ ವಾಲಿದ್ದು ಆ ವರ್ಷ.

ನಮ್ಮ ಕಡೆಯ ಕಥೆ ಚುಟುಕಾಗಿ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಲು ಶುರುಮಾಡಿದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಿತು. ಕಾರ್ಡ್ ಇಲ್ಲದ ಜನಕ್ಕೆ ಮಾರಬೇಕಿತ್ತಲ್ಲ. ಅದು ವಿಪಿಪಿಯೇ, ಅಂಗಿ ಮಾತ್ರ ಹೊಸದು. ಅದರ ಜೊತೆಗೆ ವಾರ್ಡ್‌ನ ದುಡ್ಡು ವಾಪಸ್ ಮಾತೂ ಸೇರಿಕೊಂಡಿತು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೊ, ವಾಟ್ಸ್ಆ್ಯಪ್‌ನಲ್ಲಿ ಫೋಟೊ ಹಾಕಿ ಮಾರುವ ಗೃಹಿಣಿಯರನ್ನು ವ್ಯಾಪಾರಕ್ಕೆ ಎಳೆಯಿತು. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣವರೂ ತಮ್ಮ ರಾಜ್ಯದೊಳಗೆ ಇಂಥ ತಾಣಗಳ ಮೂಲಕ ಮಾಲು ಮಾರಬಹುದು ಎಂದಾಯಿತು. ದೊಡ್ಡ ಅಂಗಡಿಯ ನಿಯಮದೊಳಗೆ ನೇಕಾರರ ಮನೆಯೂ ಬಂದು ಸೇರಿದ್ದು ಹೀಗೆ.

ಇಳಕಲ್ ಕಡೆಯ ಒಬ್ಬ ಅಕ್ಕಾವ್ರು ನಮಗೆ ತೋರಿಸಿದ ಪೊಟ್ಟಣದ ಬಗ್ಗೆ ಹೇಳಬೇಕು. ಹೆಸರು ಬೇಡ ಅಂದಿದ್ದಾರೆ, ತಾಣದ ಹೆಸರೂ ಬೇಡ. ಕಳಿಸಿದ್ದು ಕೈಮಗ್ಗದ ಇಳಕಲ್ ಸೀರೆ. ‘ಬೇರೆ ಮಾಲು ಬಂದಿದೆ’ ಎಂಬ ಕಾರಣ ಒತ್ತಿ ಗಿರಾಕಿ ವಾಪಸ್ ಹಾಕಿದ್ದಾರೆ. ವಾಪಸ್ ಬಂದದ್ದು ಅದೇ ಬಣ್ಣದ, ತೊಳೆದು ಮಾಸಿದ ಪವರ್‌ಲೂಮ್ ಸೀರೆ.

“ನೋಡ್ರಿ ಸರ, ಸೆರಗಿನ ಹತ್ರ ಕೈ ಇಟ್ಟು ನೋಡ್ರಿ. ಕೊಂಡಿನ ಇಲ್ಲ. ಇದು ನಮ್ಮ ಸೀರಿ ಹೆಂಗ ಆಕ್ಕೈತಿ?”

ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಊರಿನ ಮಕ್ಕಳೂ ಬೆರಳಿನಲ್ಲೇ ಗುರುತು ಹಿಡಿಯುತ್ತಾರೆ. ಆ್ಯಪ್‌ನ ದೂರಿನ ಪುಟಕ್ಕೆ ಬೆರಳು ಇಲ್ಲ. ಪ್ಯಾಕ್ ಮಾಡುವಾಗಿನ ವಿಡಿಯೊ, ವಾಪಸ್ ಬಂದದ್ದನ್ನು ಬಿಚ್ಚುವಾಗಿನ ವಿಡಿಯೊ ಹಾಕಿ ಅಂತ ಕೇಳಿತು. ಅಕ್ಕಾವ್ರ ಹತ್ತಿರ ಎರಡೂ ಇರಲಿಲ್ಲ. ದೂರು ತಿರಸ್ಕೃತ ಆಯಿತು. ಸೀರೆಯೂ ಹೋಯಿತು, ವಾಪಸ್ ಸಾಗಾಟದ ಖರ್ಚನ್ನೂ ಕಡಿದುಕೊಂಡರು. “ಅಂಗಡ್ಯಾಗ ಆಗಿದ್ರ ನಾಕ್ ಮಂದಿ ಕೂಡ್ಸಿ ಕೇಳ್ತಿದ್ವಿ” ಅಂದರು.

ಕಾನೂನಿನಲ್ಲಿ ಆ ನಾಲ್ಕು ಮಂದಿಯ ಜಾಗ ಇಲ್ಲವೆಂದಲ್ಲ. 1930ರ ಸರಕು ಮಾರಾಟ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಕೊಂಡವರಿಗೆ ಮಾಲನ್ನು ಪರೀಕ್ಷಿಸಿ ನೋಡುವ ಹಕ್ಕಿದೆ ಎಂದು 41ನೇ ಕಲಮು ಹೇಳುತ್ತದೆ. 42ನೇ ಕಲಮಿನ ಪ್ರಕಾರ, ಮಾಲು ಕೈಸೇರಿದ ಮೇಲೆ ಅದನ್ನು ತಮ್ಮದೇ ಎಂಬಂತೆ ಬಳಸಿದರೆ, ಇಲ್ಲವೇ ತಕ್ಕ ಸಮಯದೊಳಗೆ ಬೇಡ ಎಂದು ತಿಳಿಸದಿದ್ದರೆ, ಒಪ್ಪಿಕೊಂಡ ಹಾಗೆ. ಮಡಿಕೆ ಬಿಚ್ಚಿ ನೋಡುವುದು ಪರೀಕ್ಷೆ. ಉಟ್ಟು ಮದುವೆಯಲ್ಲಿ ಓಡಾಡಿ ಬರುವುದು ಪರೀಕ್ಷೆ ಅಲ್ಲ. ಆದರೆ ತಾಣಕ್ಕೆ ಸೇರುವಾಗ ಓದದೇ ಒಪ್ಪಿಗೆ ಒತ್ತುವ ಕರಾರಿನಲ್ಲಿ ವಾಪಸಾತಿಯ ನಿಯಮ ಬೇರೆಯೇ ಇರುತ್ತದೆ, ದಿನನಿತ್ಯ ನಡೆಯುವುದು ಅದೇ.

2020ರ ಇ-ಕಾಮರ್ಸ್ ನಿಯಮಗಳೂ ವಾಪಸಾತಿಯ ಬಗ್ಗೆ ಹೇಳುತ್ತವೆ. ಮಾಲು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ಹೇಳಿದಂತೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದರೆ ಮಾರಿದವರು ವಾಪಸ್ ಪಡೆಯಲೇಬೇಕು. ಬರೀ ಮನಸ್ಸು ಬದಲಾಯಿತು ಎಂಬುದು ಆ ಪಟ್ಟಿಯಲ್ಲಿಲ್ಲ. ವೃತ್ತಿಯಾಗಿ ಅಲ್ಲದೆ ಖಾಸಗಿಯಾಗಿ ಯಾವಾಗಲೋ ಒಮ್ಮೆ ಹಳೇ ಸಾಮಾನು ಮಾರುವ ವ್ಯಕ್ತಿಗೆ ಈ ನಿಯಮಗಳು ಅನ್ವಯಿಸುವುದೇ ಇಲ್ಲ. ಬೇಕೆಂದೇ ಮಾಲು ಬದಲಿಸಿ ಕಳಿಸಿ ದುಡ್ಡು ಹೊಡೆಯುವುದು ವಂಚನೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು, ಹಿಂದಿನ 420. ಒಂದು ಸೀರೆಗಾಗಿ ಠಾಣೆ ಮೆಟ್ಟಿಲು ಹತ್ತಿದವರನ್ನು ಮಾತ್ರ ನಾವು ಇನ್ನೂ ನೋಡಿಲ್ಲ. ಒಂದು ದಿನದ ಕೆಲಸ ಬಿಟ್ಟು ಹೋದರೆ ಆ ದಿನದ ಕೂಲಿಯೂ ಹೋಗುತ್ತದೆ.

ಹಾಗಾಗಿ ಜನ ಸಾಕ್ಷಿಯನ್ನು ತಾವೇ ಹುಟ್ಟಿಸಿಕೊಳ್ಳುತ್ತಿದ್ದಾರೆ. ಫೋನನ್ನು ಗೋಡೆಗೆ ಒರಗಿಸಿ ಮಡಚುವುದರಿಂದ ಟೇಪ್ ಅಂಟಿಸುವವರೆಗೆ ಒಂದೇ ಓಟದಲ್ಲಿ ವಿಡಿಯೊ, ಅದರಲ್ಲೇ ಆರ್ಡರ್ ನಂಬರಿನ ಚೀಟಿ ಮತ್ತು ತಕ್ಕಡಿಯ ತೂಕ ಕಾಣುವ ಹಾಗೆ. ಸೆರಗಿನ ಮೇಲ್ಗಡೆ, ಉಟ್ಟರೆ ಕಣ್ಣಿಗೆ ಬೀಳುವ ಜಾಗಕ್ಕೆ, ಕತ್ತರಿಸದೆ ಬಿಚ್ಚಲಾಗದ ಟ್ಯಾಗು. ವಾಪಸ್ ಬಂದದ್ದನ್ನು ಸಾಧ್ಯವಾದರೆ ತಂದ ಹುಡುಗನ ಎದುರಿಗೇ ಬಿಚ್ಚುವುದು, ಅದಕ್ಕೂ ವಿಡಿಯೊ. ದೂರು ಕೊಡಲು ಕೆಲವೇ ದಿನ ಇರುವುದರಿಂದ ಅವತ್ತೇ ಹಾಕುವುದು. ಅಕ್ಕಾವ್ರ ಮನೆಯಲ್ಲಿ ಈಗ ಈ ಕೆಲಸ ಒಂಬತ್ತನೇ ಕ್ಲಾಸಿನ ಮಗಳದ್ದು.

ಮಾರುವವರೆಲ್ಲ ಸತ್ಯವಂತರು ಅಂತ ನಾವು ಬರೆಯುತ್ತಿಲ್ಲ. ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದು ಎಂದು ಮಾರುವವರಿದ್ದಾರೆ. ಅಂಥವರಿಂದ ಕೊಂಡ ಹಳ್ಳಿಯ ಹೆಣ್ಣುಮಗಳಿಗೆ ವಾಪಸಾತಿ ಒಂದೇ ರಕ್ಷಣೆ. ಸುಳ್ಳು ರಿಟರ್ನ್ ಹೆಚ್ಚಾದಷ್ಟೂ ಆ ರಕ್ಷಣೆ ಸಣ್ಣದಾಗುತ್ತ ಹೋಗುತ್ತದೆ. ರಿಟರ್ನ್ ಮತ್ತು ನಿರಾಕರಣೆ ಜಾಸ್ತಿ ಇರುವ ಪಿನ್‌ಕೋಡ್‌ಗಳಿಗೆ ಕ್ಯಾಶ್ ಆನ್ ಡೆಲಿವರಿಯನ್ನೇ ಕೊಡದ ಪದ್ಧತಿ ಈ ವ್ಯಾಪಾರದಲ್ಲಿ ಇದೆ. ಒಂದು ಪಿನ್‌ಕೋಡ್ ಅಂದರೆ ನಮ್ಮ ಕಡೆ ಎಷ್ಟೋ ಸಲ ಐದಾರು ಹಳ್ಳಿ. ಒಬ್ಬ ಮಾಡಿದ್ದು ಯಾರು ಅಂತ ಆ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ಪಕ್ಕದ ಊರಿನವರಿಗೂ ಬಟನ್ ಒತ್ತಿದಾಗ ಬರುವುದು ಅದೇ ಸಾಲು: ‘ಈ ವಿಳಾಸಕ್ಕೆ ಮುಂಗಡ ಪಾವತಿ ಮಾತ್ರ.’