ಮುಖ ನೋಡಿ ಹುಸಿ ತಿಳಿಯಬಹುದೇ?

ಕಳೆದ ದೀಪಾವಳಿಯ ರಾತ್ರಿ ದುಬೈಯ ಕರಾಮದಲ್ಲಿ ಸದಸ್ಯರೊಬ್ಬರ ಮನೆಯಲ್ಲಿ ಊಟ ಮುಗಿದ ಮೇಲೆ ಇಸ್ಪೀಟಿನ ಕಟ್ಟು ಹೊರಬಂದಿತು. ಈ ನಾಡಿನಲ್ಲಿ ಪರವಾನಗಿಯಿಲ್ಲದ ಜೂಜು ಅಪರಾಧ. ಆದುದರಿಂದ ನಮ್ಮ ಕೂಟಗಳಲ್ಲಿ ಹಣಕ್ಕೆ ಪ್ರವೇಶವಿಲ್ಲ. ಅಳಗುಳಿಮಣೆಗೆಂದು ಊರಿನಿಂದ ತಂದಿಟ್ಟಿದ್ದ ಒಂದು ಡಬ್ಬಿ ಹುಣಸೆಬೀಜವೇ ನಮ್ಮ ಪಣ. ಆಡಿದ್ದು ಐದೆಲೆಯ ಪೋಕರ್. ಕೊನೆಯ ಆಟದಲ್ಲಿ ನಮ್ಮೆದುರು ಉಳಿದವಳು ಆ ಮನೆಯ 13 ವರ್ಷದ ಮಗಳೊಬ್ಬಳೇ. ನಡುವೆ 80 ಬೀಜಗಳಿದ್ದವು. ಅವಳು ಇನ್ನೂ 40 ಬೀಜಗಳನ್ನು ಮುಂದಕ್ಕೆ ತಳ್ಳಿ ಸುಮ್ಮನೆ ಕುಳಿತಳು. ಕೈ ನಡುಗಲಿಲ್ಲ, ಕಣ್ಣು ತಪ್ಪಿಸಲಿಲ್ಲ. ನಮ್ಮ ಕೈಯಲ್ಲಿ ಎರಡು ಜೋಡಿಗಳಿದ್ದವು. ಆದರೂ ಸುಮಾರು 20 ವರ್ಷ ರೋಗಿಗಳ ಮುಖ ನೋಡಿದ ಅನುಭವವನ್ನು ನಂಬಿ, ಅವಳಲ್ಲಿ ದೊಡ್ಡ ಎಲೆಗಳಿವೆಯೆಂದು ನಿಶ್ಚಯಿಸಿ, ನಮ್ಮ ಎಲೆಗಳನ್ನು ಕೆಳಗಿಟ್ಟೆವು. ಅವಳು ತನ್ನವನ್ನು ತಿರುಗಿಸಿ ತೋರಿಸಿದಳು: ಒಂದಕ್ಕೊಂದು ಸಂಬಂಧವಿಲ್ಲದ ಐದು ಎಲೆಗಳು.

“ಡಾಕ್ಟರ್ ಅಂಕಲ್, ಮುಖ ನೋಡಿದ್ರೆ ನಿಮಗೆ ಗೊತ್ತಾಗಲ್ವಾ?”

ಮನೆಮಂದಿಯೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ಅವಳ ಪ್ರಶ್ನೆ ನಮ್ಮೊಡನೆ ಕಾರಿನಲ್ಲಿ ಅಬುಧಾಬಿಯವರೆಗೂ ಬಂದಿತು. ಆ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರಲ್ಲಿ ಎರಡು ಮುಖ್ಯ ಪ್ರಕರಣಗಳು ನಡೆದದ್ದು ನಮ್ಮ ಮೈಸೂರು ಬೆಂಗಳೂರುಗಳಲ್ಲೇ.

ಹುಸಿ ಎಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಶಕುನಿ ಮಾಡಿದ್ದು ಹುಸಿಯಲ್ಲ, ಮೋಸ. ಪಗಡೆಯಲ್ಲಿ ಬಿದ್ದ ದಾಳ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಅಲ್ಲಿ ಬಚ್ಚಿಡಲು ಏನೂ ಇಲ್ಲ. ಹುಸಿಗೆ ಎಡೆಯಾಗುವುದು ಎಲೆ ಮರೆಯಲ್ಲಿದ್ದು ಪಣ ಮಾತ್ರ ಬಯಲಿನಲ್ಲಿರುವಾಗ. ಕೆಟ್ಟ ಎಲೆ ಹಿಡಿದವನು ದೊಡ್ಡ ಪಣವಿಟ್ಟು, ಒಳ್ಳೆಯ ಎಲೆಯವನನ್ನು ಹೆದರಿಸಿ ಎಬ್ಬಿಸುವುದೇ ಬ್ಲಫ್. 19ನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯಲ್ಲಿ ರೂಪುಗೊಂಡ ಪೋಕರ್ ಆಟಕ್ಕೆ ಅಂದು ‘ಬ್ಲಫ್’ ಎಂಬ ಹೆಸರೂ ಇದ್ದಿತು. ನಮ್ಮೂರ ಮೂರೆಲೆ ಆಟಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ‘ಬ್ಲೈಂಡ್’ ಆಡುವವನು ತನ್ನ ಎಲೆಯನ್ನು ತಾನೇ ನೋಡಿರುವುದಿಲ್ಲ. ಅವನಿಗೇ ತಿಳಿಯದ ಸಂಗತಿಯನ್ನು ಅವನ ಮುಖ ಹೇಗೆ ತಾನೇ ಹೇಳೀತು?

ಇನ್ನು ಮೈಸೂರಿಗೆ ಬರೋಣ. 1905ರ ಹೊತ್ತಿಗೆ ಅಲ್ಲಿಯ ಓರಿಯಂಟಲ್ ಲೈಬ್ರರಿಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ ತಾಳೆಗರಿಯ ಕಟ್ಟೊಂದು ಸೇರಿತು. ಲಿಪಿ ಗ್ರಂಥ, ಭಾಷೆ ಸಂಸ್ಕೃತ. ಅದು ಶತಮಾನಗಳಿಂದ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ. ಶಾಸ್ತ್ರಿಗಳು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಮೈಸೂರಿನ ಈ ಕೀರ್ತಿಯನ್ನು ನಮ್ಮ ಮಕ್ಕಳಿಗೆ ನಾವು ಹೇಳುವುದು ಕಡಮೆ. ಸಿಲ್ಕ್ ಸೀರೆ, ಪಾಕ್, ದಸರೆಗಳಲ್ಲೇ ಮೈಸೂರು ಮುಗಿದುಹೋಗುತ್ತದೆ.

ಆ ಗ್ರಂಥದಲ್ಲಿ ಜೂಜಿಗೊಬ್ಬ ಅಧ್ಯಕ್ಷನಿದ್ದಾನೆ. ಆಟ ಒಂದೇ ಸ್ಥಳದಲ್ಲಿ ನಡೆಯಬೇಕು, ದಾಳಗಳನ್ನು ಅವನೇ ಒದಗಿಸಬೇಕು, ಗೆಲುವಿನಲ್ಲಿ ನೂರಕ್ಕೆ 5 ಪಾಲು ಅವನಿಗೆ ಸಲ್ಲಬೇಕು, ಬೇರೆಡೆ ಆಡಿದವನಿಗೆ 12 ಪಣ ದಂಡ. ಗುಟ್ಟಾದ ದಾರಿಯಿಂದ ಹೊಟ್ಟೆ ಹೊರೆಯುವವರನ್ನು ಗುರುತಿಸಲು ಇದು ಅನುಕೂಲವೆಂಬುದು ಕೌಟಿಲ್ಯನ ಎಣಿಕೆ. ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಸಂಗತಿ ರಾಜನ ಆತ್ಮರಕ್ಷಣೆಯ ಪ್ರಕರಣದಲ್ಲಿದೆ. ಅಡುಗೆಯಲ್ಲಿ ವಿಷವಿಟ್ಟವನನ್ನು ಹೇಗೆ ತಿಳಿಯಬೇಕು? ಬಾಯಿ ಒಣಗಿ ಮುಖ ಕಪ್ಪಿಡುವುದು, ಮಾತು ತಡವರಿಸುವುದು, ಬೆವರು, ಅತಿಯಾದ ಆಕಳಿಕೆ, ನಡುಕ, ಎಡವುವುದು, ಅತ್ತಿತ್ತ ನೋಡುವುದು, ಕೆಲಸದಲ್ಲಿ ಗಡಿಬಿಡಿ, ಇದ್ದ ಕಡೆ ಇರಲಾರದಿರುವುದು. ಪಟ್ಟಿಯನ್ನು ಇಂದಿನ ಯಾವ ವೈದ್ಯನ ಮುಂದಿಟ್ಟರೂ ಇದು ಅಡ್ರಿನಲಿನ್ ಏರಿದ ದೇಹದ ಚಿತ್ರವೆಂದು ಒಪ್ಪಿಯಾನು. ಲಾಲಾಗ್ರಂಥಿ ಒಣಗುತ್ತದೆ, ಬೆವರಿನ ಗ್ರಂಥಿ ತೆರೆಯುತ್ತದೆ, ಸ್ನಾಯು ಕಂಪಿಸುತ್ತದೆ. ಇಂದಿನ ಪೋಕರ್ ಕೈಪಿಡಿಗಳಲ್ಲಿ ಎದುರಾಳಿಯ ಹುಸಿಯನ್ನು ಪತ್ತೆಮಾಡಲು ಕೊಡುವ ಲಕ್ಷಣಗಳು ಬಹುಮಟ್ಟಿಗೆ ಇವೇ.

ಆದರೆ ಅಡ್ರಿನಲಿನ್ ಹೇಳುವುದು ಭಯವನ್ನು, ಸುಳ್ಳನ್ನಲ್ಲ. ಇದನ್ನು ಮೊದಲೇ ಕಂಡುಕೊಂಡವರು ನಮ್ಮ ವೃತ್ತಿಯ ಹಿರಿಯರು. ಸುಶ್ರುತಸಂಹಿತೆಯ ಕಲ್ಪಸ್ಥಾನವೂ ವಿಷವಿಡುವವನ ಲಕ್ಷಣಗಳನ್ನು ಹೇಳುತ್ತದೆ: ಕೇಳಿದರೆ ಉತ್ತರ ಕೊಡನು, ಬೆರಳು ನೆಟಿಕೆ ಮುರಿಯುವನು, ನೆಲ ಕೆರೆಯುವನು, ಕಾರಣವಿಲ್ಲದೆ ನಗುವನು. ಅಷ್ಟು ಹೇಳಿ, ರಾಜನ ಭಯದಿಂದಲೋ ಅವನ ಅಪ್ಪಣೆಯ ಅವಸರದಿಂದಲೋ ಒಳ್ಳೆಯವರೂ ಕೆಟ್ಟವರಂತೆ ನಡೆದುಕೊಳ್ಳುವುದುಂಟು, ಆದುದರಿಂದ ಎಚ್ಚರದಿಂದ ಪರೀಕ್ಷಿಸಬೇಕು ಎಂದು ಸೇರಿಸುತ್ತದೆ. ಕೌಟಿಲ್ಯನೂ ಕಳ್ಳರ ವಿಚಾರಣೆಯ ಪ್ರಕರಣದಲ್ಲಿ ಅಣಿಮಾಂಡವ್ಯನನ್ನು ನೆನೆಯುತ್ತಾನೆ. ಆತ ಕಳ್ಳನಲ್ಲದಿದ್ದರೂ ಹಿಂಸೆಗೆ ಅಂಜಿ ತಾನೇ ಕಳ್ಳನೆಂದವನು.

ಸುಶ್ರುತನ ಆ ಮಾತನ್ನು ನಾವು ಓದಿದ್ದು ತಡವಾಗಿ. ಹಲವು ವರ್ಷಗಳ ಹಿಂದೆ ಅಬುಧಾಬಿಯ ಮುಸಫ್ಫಾದಲ್ಲಿ ರೋಗಿಗಳನ್ನು ನೋಡುತ್ತಿದ್ದಾಗ ಒಬ್ಬ ಗಾರೆ ಕೆಲಸದವರು ಬೆನ್ನುನೋವೆಂದು ಬಂದರು. (ಇಲ್ಲಿಯೂ ಮುಂದೆಯೂ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ.) ಅವರು ನಮ್ಮತ್ತ ನೋಡಲಿಲ್ಲ, ಬಾಗಿಲತ್ತ ನೋಡಿದರು. ಮಾತು ತೊದಲುತ್ತಿದ್ದಿತು, ಹಣೆ ಬೆವರುತ್ತಿದ್ದಿತು. ರಜೆಯ ಚೀಟಿಗಾಗಿ ಬಂದವರೆಂದು ನಾವು ಮನಸ್ಸಿನಲ್ಲೇ ತೀರ್ಪು ಬರೆದಾಗಿತ್ತು. ಪದ್ಧತಿಯಂತೆ ಮಾಡಿಸಿದ ಮೂತ್ರಪರೀಕ್ಷೆಯಲ್ಲಿ ರಕ್ತ ಕಂಡಿತು. ಸ್ಕ್ಯಾನಿನಲ್ಲಿ ಮೂತ್ರನಾಳಕ್ಕೆ ಸಿಕ್ಕಿಕೊಂಡ ಕಲ್ಲು ಕಂಡಿತು. ಬಾಗಿಲತ್ತ ನೋಡಿದ್ದೇಕೆಂದರೆ, ಕಾಯಿಲೆಯೆಂದು ದಾಖಲಾದರೆ ವೀಸಾ ನವೀಕರಣಕ್ಕೆ ತೊಡಕಾಗುವುದೆಂದು ಯಾರೋ ಅವರನ್ನು ಹೆದರಿಸಿದ್ದರು, ಹೊರಗೆ ಜೊತೆಯ ಕೆಲಸದವರು ಕಾಯುತ್ತಿದ್ದರು. ಕೌಟಿಲ್ಯನ ಪಟ್ಟಿಯ ಅರ್ಧದಷ್ಟು ಲಕ್ಷಣಗಳು ಅವರಲ್ಲಿದ್ದವು. ಸುಳ್ಳು ಮಾತ್ರ ಇರಲಿಲ್ಲ.

ಕಣ್ಣು ಸೋತಲ್ಲಿ ಯಂತ್ರ ಗೆಲ್ಲಬಹುದೆಂಬ ಆಸೆ 20ನೆಯ ಶತಮಾನದ್ದು. 1921ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಜಾನ್ ಲಾರ್ಸನ್ ಎಂಬ ಪೊಲೀಸ್ ಅಧಿಕಾರಿ ರಕ್ತದೊತ್ತಡ, ನಾಡಿ, ಉಸಿರು ಇವುಗಳನ್ನು ಒಟ್ಟಿಗೆ ಕಾಗದದ ಮೇಲೆ ಬರೆಯುವ ಯಂತ್ರವನ್ನು ರಚಿಸಿದರು, ಅದೇ ಪಾಲಿಗ್ರಾಫ್. ಅದೂ ಅಳೆಯುವುದು ಭಯವನ್ನೇ. ಈ ಶತಮಾನದ ಮೊದಲ ದಶಕದಲ್ಲಿ ಈ ಆಸೆಯ ರಾಜಧಾನಿ ಬೆಂಗಳೂರು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು ನಡೆಸುತ್ತಿದ್ದ ನಾರ್ಕೊ ಪರೀಕ್ಷೆಗಳಿಗಾಗಿ ದೇಶದ ನಾನಾ ಕಡೆಗಳಿಂದ ಆರೋಪಿಗಳನ್ನು ಕರೆತರುತ್ತಿದ್ದರು. ಛಾಪಾಕಾಗದದ ಹಗರಣದ ತೆಲಗಿಗೂ 2003ರಲ್ಲಿ ಅಲ್ಲಿ ಪರೀಕ್ಷೆಯಾಯಿತು. ಬಳಸುತ್ತಿದ್ದ ಔಷಧ ಥಯೊಪೆಂಟಾಲ್. ಎಂಬಿಬಿಎಸ್ ಓದಿದವರಿಗೆಲ್ಲ ಅದು ಪರಿಚಿತ: ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ನಿದ್ರೆಗೆ ಕಳುಹಿಸುತ್ತಿದ್ದ ಮದ್ದು. ಅದರ ಅಮಲಿನಲ್ಲಿ ಮನುಷ್ಯ ಮಾತಾಡುತ್ತಾನೆ, ನಿಜ. ಮಾತಾಡಿದ್ದೆಲ್ಲ ನಿಜವೆಂದು ಯಾವ ಅರಿವಳಿಕೆ ತಜ್ಞರೂ ಹೇಳರು.

ಈ ಎಲ್ಲ ಪರೀಕ್ಷೆಗಳ ಹಣೆಬರಹ ನಿರ್ಧಾರವಾದ ಮೊಕದ್ದಮೆಯ ಹೆಸರಿನಲ್ಲೇ ನಮ್ಮ ರಾಜ್ಯವಿದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಸರ್ವೋಚ್ಚ ನ್ಯಾಯಾಲಯದ ಪೀಠವು, ಒಪ್ಪಿಗೆಯಿಲ್ಲದೆ ಯಾರ ಮೇಲೂ ನಾರ್ಕೊ, ಪಾಲಿಗ್ರಾಫ್, ಮಿದುಳು ಪರೀಕ್ಷೆಗಳನ್ನು ನಡೆಸಕೂಡದೆಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಲಾಗದೆಂಬ ಸಂವಿಧಾನದ 20(3)ನೆಯ ವಿಧಿಯೇ ಅದಕ್ಕೆ ಮುಖ್ಯ ಆಧಾರ.

ಹಾಗಾದರೆ ಹುಸಿಯನ್ನು ತಿಳಿಯುವ ದಾರಿಯೇ ಇಲ್ಲವೇ? 2006ರಲ್ಲಿ ಬಾಂಡ್ ಮತ್ತು ಡಿಪೌಲೊ ಎಂಬ ಮನೋವಿಜ್ಞಾನಿಗಳು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಸತ್ಯ ಸುಳ್ಳುಗಳನ್ನು ಬೇರ್ಪಡಿಸುವಲ್ಲಿ ಮನುಷ್ಯರು ಸರಿಯಾದದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೆ 50 ಸಲ ಸರಿಯಾಗುತ್ತದೆ. 2013ರಲ್ಲಿ ಪೋಕರ್ ಆಟಗಾರರ ವಿಡಿಯೊಗಳನ್ನೇ ಬಳಸಿದ ಅಧ್ಯಯನವೊಂದರಲ್ಲಿ ಮುಖ ನೋಡಿದವರು ನಾಣ್ಯಕ್ಕಿಂತಲೂ ಕೆಳಗಿಳಿದರು. ಪಣವನ್ನು ಮುಂದೆ ತಳ್ಳುವ ತೋಳಿನ ಚಲನೆಯನ್ನು ಮಾತ್ರ ನೋಡಿದವರು ಸ್ವಲ್ಪ ಮೇಲಾದರು. ನಡುಗುವ ಕೈಯನ್ನು ಕಂಡು ಹುಸಿಯೆಂದು ನಗುವ ಹೊಸಬರಿಗೆ ಹಳೆಯ ಆಟಗಾರರು ಹೇಳುವುದೇ ಬೇರೆ: ಒಳ್ಳೆಯ ಎಲೆ ಬಂದವನ ಕೈಯೂ ನಡುಗುತ್ತದೆ, ಎಷ್ಟೋ ಸಲ ಅವನದೇ ಹೆಚ್ಚು ನಡುಗುತ್ತದೆ.

ಮುಖವನ್ನು ಬಿಟ್ಟು ಲೆಕ್ಕವನ್ನು ಹಿಡಿದವರು ಜಾನ್ ಫಾನ್ ನಾಯ್ಮನ್. 1944ರಲ್ಲಿ ಮಾರ್ಗನ್‌ಸ್ಟರ್ನ್ ಜೊತೆಗೂಡಿ ಬರೆದ ಆಟಸಿದ್ಧಾಂತದ ಗ್ರಂಥದಲ್ಲಿ, ಹುಸಿ ಎಂಬುದು ಧೂರ್ತನ ಸ್ವಭಾವವಲ್ಲ, ಸರಿಯಾಗಿ ಆಡುವ ಯಾರಿಗೂ ತಪ್ಪದ ಅಂಗವೆಂದು ಅವರು ತೋರಿಸಿದರು. ಎಂದೂ ಹುಸಿಯಾಡದವನು ಪಣವಿಟ್ಟಾಗ ಎಲ್ಲರೂ ಎದ್ದುಹೋಗುತ್ತಾರೆ. ಅವನ ಒಳ್ಳೆಯ ಎಲೆಗೂ ಬೆಲೆ ಸಿಗದು. ಕರಾಮದ ಆಟಕ್ಕೇ ಇದನ್ನು ಹಚ್ಚಿ ನೋಡಿದೆವು. ನಡುವೆ 80, ಹುಡುಗಿಯ 40, ಒಟ್ಟು 120 ಬೀಜಗಳನ್ನು ಗೆಲ್ಲಲು ನಾವು ಇಡಬೇಕಾದದ್ದು 40. ಅಂಥ ನಾಲ್ಕು ಆಟಗಳಲ್ಲಿ ಒಮ್ಮೆ ಅವಳದು ಹುಸಿಯಾಗಿದ್ದರೂ ನಮಗೆ ನಷ್ಟವಿಲ್ಲ. ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ‘ಅವಳ ಕಣ್ಣು ಏನು ಹೇಳುತ್ತದೆ’ ಎಂಬುದಲ್ಲ, ‘ಹೀಗೆ ಪಣವಿಟ್ಟಾಗ ಅವಳು ನಾಲ್ಕರಲ್ಲಿ ಒಮ್ಮೆಯಾದರೂ ಹುಸಿಯಾಡುವವಳೇ’ ಎಂಬುದು. ಅದಕ್ಕೆ ಉತ್ತರ ಆ ಸಂಜೆ ಅವಳು ಆಡಿದ ಹಿಂದಿನ ಆಟಗಳಲ್ಲಿದ್ದಿತು, ನಾವು ಲಕ್ಷ್ಯವಿಟ್ಟಿರಲಿಲ್ಲ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ ಲಿಬ್ರೇಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ನಾಲ್ವರು ವೃತ್ತಿಪರರನ್ನು 1,20,000 ಆಟಗಳಲ್ಲಿ ಸೋಲಿಸಿತು. ಅದಕ್ಕೆ ಕಣ್ಣೇ ಇರಲಿಲ್ಲ.

ಹುಣಸೆಬೀಜದ ಸೋಲನ್ನು ಇಷ್ಟು ದೂರ ಎಳೆಯಲು ಕಾರಣವೊಂದಿದೆ. ಕೆಲವು ವರ್ಷಗಳ ಹಿಂದೆ ತರುಣರೊಬ್ಬರು ನಿದ್ರೆ ಬಾರದೆಂದು ನಮ್ಮಲ್ಲಿಗೆ ಬಂದರು. ನಾಡಿ 72, ರಕ್ತದೊತ್ತಡ ಸರಿ, ನೇರ ನೋಟ, ತಿಳಿಯಾದ ನಗೆ. “ಪ್ರಾಜೆಕ್ಟ್ ಒತ್ತಡ ಸರ್, ಬೇರೆ ಏನಿಲ್ಲ” ಎಂದರು, ನಂಬಿದೆವು. ಐದು ತಿಂಗಳ ನಂತರ ಒಂದು ರಾತ್ರಿ ಅವರ ಪತ್ನಿ ಫೋನ್ ಮಾಡಿದರು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಪೋಕರಿಗೆ ಉಳಿತಾಯ, ಎರಡು ಸಾಲಗಳು, ಆಕೆಯ ಬಳೆಗಳು ಎಲ್ಲವೂ ಹೋಗಿದ್ದವು. ಎದುರಾಳಿಯ ಹುಸಿಯನ್ನು ಗುರುತಿಸುವ ಕಲೆ ತನಗೆ ಸಿದ್ಧಿಸಿದೆಯೆಂದು ಅವರು ಕೊನೆಯವರೆಗೂ ನಂಬಿದ್ದರಂತೆ. ನಾವು ಹಳೆಯ ಟಿಪ್ಪಣಿಗಳನ್ನು ತೆಗೆದು ನೋಡಿದೆವು. ಮೊದಲ ಭೇಟಿಯಲ್ಲಿ ಪ್ರಾಜೆಕ್ಟ್, ಎರಡನೆಯದರಲ್ಲಿ ರಾತ್ರಿ ಪಾಳಿ, ಮೂರನೆಯದರಲ್ಲಿ ಊರಿನ ಮನೆಯ ವ್ಯಾಜ್ಯ. ಒಂದು ಕತೆಗೆ ಇನ್ನೊಂದು ಹೊಂದುತ್ತಿರಲಿಲ್ಲ. ನಮಗೆ ತಿಳಿದ ಮೂರು ಮನೆಗಳಿಂದ ಮೂರು ಬೇರೆ ಕಾರಣ ಹೇಳಿ ಅವರು ಕೈಸಾಲ ಪಡೆದಿದ್ದರು. ಮರ್ಯಾದೆಯ ಮಾತೆಂದು ಆ ಮೂರು ಮನೆಯವರು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಪಣಗಳಲ್ಲಿ ಎಲ್ಲವೂ ಇದ್ದಿತು.

ಕಾನೂನು ಈ ಆಟದ ಬೆನ್ನು ಹತ್ತಿ ಬಹಳ ಅಲೆದಿದೆ. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಕರ್ನಾಟಕದ 2021ರ ತಿದ್ದುಪಡಿಯ ಮುಖ್ಯ ಅಂಶಗಳನ್ನು, ಕೌಶಲದ ಆಟ ಜೂಜಲ್ಲವೆಂಬ ನೆಲೆಯಲ್ಲಿ, 2022ರ ಫೆಬ್ರುವರಿ 14ರಂದು ಉಚ್ಚ ನ್ಯಾಯಾಲಯ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯಿದೆ ಕೌಶಲವಿರಲಿ ಬಿಡಲಿ ಅವನ್ನೆಲ್ಲ ನಿಷೇಧಿಸಿತು. ಹುಸಿ ಗುರುತಿಸುವುದು ಕೌಶಲವೆಂದು ನಾವೂ ಒಪ್ಪುತ್ತೇವೆ. ಆ ಕೌಶಲ ತನಗಿದೆಯೆಂಬ ಭ್ರಮೆಗೆ ತೆರುವ ಬೆಲೆಯ ಲೆಕ್ಕ ಮಾತ್ರ ತೀರ್ಪುಗಳಲ್ಲಿ ಸಿಗದು. ಆ ತರುಣರು ಈಗ ಬೆಂಗಳೂರಿನಲ್ಲಿ ಚಿಕಿತ್ಸೆಯಲ್ಲಿದ್ದಾರೆ. ತಂತ್ರಜ್ಞಾನದ ಚಟಕ್ಕಾಗಿ ನಿಮ್ಹಾನ್ಸ್ 2014ರಲ್ಲಿ ತೆರೆದ ‘ಷಟ್’ ಕ್ಲಿನಿಕ್ ಇದೆಯೆಂಬುದು ನಮ್ಮ ಸದಸ್ಯರಲ್ಲಿ ಹಲವರಿಗೆ ತಿಳಿಯದು. ಅದಕ್ಕಾಗಿ ಇಲ್ಲಿ ಬರೆದಿದ್ದೇವೆ. ನಿದ್ರೆಯಿಲ್ಲವೆಂದು ಬಂದವರನ್ನು ಹಣದ ವಿಷಯವಾಗಿ ಎರಡು ಮಾತು ಕೇಳುವುದನ್ನು ನಾವೂ ಅಂದಿನಿಂದ ರೂಢಿಮಾಡಿಕೊಂಡಿದ್ದೇವೆ.

ಮೊನ್ನೆ ಕನ್ನಡ ತರಗತಿಯ ಹೊರಗೆ ಆ ಹುಡುಗಿ ಸಿಕ್ಕಳು. ಬರಿಗೈಯಲ್ಲಿ 40 ಬೀಜ ಇಡುವ ಧೈರ್ಯ ಎಲ್ಲಿಂದ ಬಂತೆಂದು ಕೇಳಿದೆವು.

“ನಿಮ್ಮ ಮುಖದಲ್ಲಿ ಏನೂ ಗೊತ್ತಾಗ್ಲಿಲ್ಲ ಅಂಕಲ್. ಆದ್ರೆ ಆವತ್ತು ಯಾರಾದ್ರೂ 30 ಬೀಜ ದಾಟಿದ ತಕ್ಷಣ ನೀವು ಎಲೆ ಬಿಟ್ಬಿಡ್ತಿದ್ರಿ. ಐದು ಸಲ. ನಾನು ಎಣಿಸಿದ್ದೆ.”

ಮುಂದಿನ ಆಟ ಯುಗಾದಿಯ ರಾತ್ರಿ, ಅವರ ಮನೆಯಲ್ಲೇ.